ಕಾಯುವುದನ್ನು ಕಲಿತ ತರಗತಿ: ಕರುಣೆಯ ಕಲಿಕೆಯ ಕುರಿತು ಒಂದು ಪ್ರಕರಣ ಅಧ್ಯಯನ

ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಐದನೆಯ ತರಗತಿಯಲ್ಲಿ ಉಗ್ಗುವ ಬಾಲಕನೊಬ್ಬನ ಸುತ್ತ ಒಂದು ಶೈಕ್ಷಣಿಕ ವರ್ಷದ ಉದ್ದಕ್ಕೂ ನಡೆದ ಸಂಗತಿಯನ್ನು ಇಲ್ಲಿ ದಾಖಲಿಸಿದ್ದೇನೆ. ಸುತ್ತಲಿನ ಶಾಲೆಗಳಿಗೆ ಹೋಗಿ ಶಿಕ್ಷಕರೊಂದಿಗೆ ಕುಳಿತು ಪಾಠಗಳನ್ನು ಯೋಜಿಸುವುದು ನನ್ನ ಕೆಲಸ. ಈ ಪ್ರಕರಣದ ತೀರ್ಮಾನಗಳೆಲ್ಲ ತರಗತಿಯ ಶಿಕ್ಷಕಿಯವು. ನಾನು ನೋಡಿದವನು, ಕೆಲವೆಡೆ ಚರ್ಚೆಯಲ್ಲಿ ಪಾಲ್ಗೊಂಡವನು. ಮಕ್ಕಳ ಹೆಸರುಗಳನ್ನು ಬದಲಿಸಿದ್ದೇನೆ, ಊರಿನ ಹೆಸರನ್ನು ಬಿಟ್ಟಿದ್ದೇನೆ, ಗುರುತು ಹಿಡಿಯಬಹುದಾದ ಮನೆಯ ವಿವರಗಳನ್ನು ಬೇರೆ ಮಾಡಿದ್ದೇನೆ. ಮಕ್ಕಳು ಬರೆದ ಚೀಟಿಗಳ ಸಾಲುಗಳನ್ನು ಅವರ ಮತ್ತು ಪೋಷಕರ ಒಪ್ಪಿಗೆ ಪಡೆದೇ ಬಳಸಲಾಗಿದೆ.

ಹಿನ್ನೆಲೆ

ತರಗತಿಯಲ್ಲಿ 24 ಮಕ್ಕಳಿದ್ದರು. ಹೆಚ್ಚಿನವರು ಕಬ್ಬು ಮತ್ತು ಭತ್ತ ಬೆಳೆಯುವ ಸಣ್ಣ ಹಿಡುವಳಿಯ ಮನೆಗಳವರು. ತಾಯಂದಿರಲ್ಲಿ ಹಲವರು ಹೊತ್ತು ಏರುವ ಮೊದಲೇ ಗಾರ್ಮೆಂಟ್ಸ್ ವ್ಯಾನು ಹತ್ತಿ ಹೋಗಿ ಸಂಜೆಗೆ ಮರಳುವವರು. ನಾನು ಮಾದೇಶ ಎಂದು ಕರೆಯುವ ಬಾಲಕನ ಮನೆಯೂ ಅಂಥದೇ. ತಂದೆ ಆಲೆಮನೆಯ ಕೆಲಸಕ್ಕೆ ಹೋಗುತ್ತಿದ್ದರು, ಮಗುವಿನ ಊಟ, ಸ್ನಾನ, ಶಾಲೆಯ ಉಸಾಬರಿಯೆಲ್ಲ ಅಜ್ಜಿಯದು.

ಮಾದೇಶನಿಗೆ ಮೂರು ತುಂಬಿದ ಮೇಲೆ ಉಗ್ಗು ಕಾಣಿಸಿಕೊಂಡಿತ್ತು. ಅಜ್ಜಿ ಬಜೆ ತೇಯ್ದು ನಾಲಿಗೆಗೆ ತೀಡಿದರು, ಹರಕೆ ಹೊತ್ತರು. "ದೊಡ್ಡವನಾಯ್ತಾ ಆಯ್ತಾ ಹೋಯ್ತದೆ ಬುಡಿ" ಎಂದು ನೆರೆಹೊರೆಯವರು ಸಮಾಧಾನ ಹೇಳಿದರು. ಆ ಮಾತು ಪೂರ್ತಿ ಸುಳ್ಳೇನಲ್ಲ. ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ. ನೂರು ಮಕ್ಕಳಲ್ಲಿ ಸುಮಾರು ಐವರು ಬಾಲ್ಯದ ಒಂದಲ್ಲ ಒಂದು ಹಂತದಲ್ಲಿ ಉಗ್ಗುತ್ತಾರೆ, ಅವರಲ್ಲಿ ಬಹುತೇಕರಿಗೆ ಅದು ತಾನಾಗಿಯೇ ಕಳೆಯುತ್ತದೆ, ಆ ನೂರು ಮಕ್ಕಳಲ್ಲಿ ಸುಮಾರು ಒಬ್ಬರಲ್ಲಿ ಮಾತ್ರ ಉಳಿಯುತ್ತದೆ. ಹಾಗೆ ಉಳಿಯುವುದು ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಮಾದೇಶನಲ್ಲಿ ಉಳಿಯಿತು.

ಮೊದಲ ಮೂರು ತರಗತಿಗಳಲ್ಲಿ ಇದು ಶಾಲೆಯ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಆಮೇಲೆ ರಾಜ್ಯವೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕುಳಿತು ಕಾರ್ಡು ಹಿಡಿದು ಕಲಿಯುತ್ತಾರೆ. ಇಡೀ ತರಗತಿಯ ಮುಂದೆ ಒಬ್ಬನೇ ನಿಂತು ಓದುವ ಸಂದರ್ಭ ಕಡಿಮೆ. ಗುಂಪಿನ ನಾಲ್ವರು ಗೆಳೆಯರಿಗೆ ಮಾದೇಶನ ಮಾತು ಅಭ್ಯಾಸವಾಗಿತ್ತು. ನಾಲ್ಕನೆಯ ತರಗತಿಗೆ ಬಂದಾಗ ಬೆಂಚು ಬಂತು, ಸಾಲು ಬಂತು, ಎದ್ದು ನಿಂತು ಗಟ್ಟಿಯಾಗಿ ಓದುವ ಸರದಿ ಬಂತು. ಐದಕ್ಕೆ ಬರುವಷ್ಟರಲ್ಲಿ ಅವನಿಗೆ ಒಂದು ಅಡ್ಡಹೆಸರೂ ಬಂದಿತ್ತು.

ತೊಡಕು

ಆ ಹೆಸರು "ಟಿಲ್ಲರ್". ಗದ್ದೆ ಉಳುವ ಪವರ್ ಟಿಲ್ಲರ್ ಶುರುವಾಗುವಾಗ ಮಾಡುವ ಸದ್ದನ್ನು ಹಿಡಿದು ಯಾರೋ ಇಟ್ಟದ್ದು. ಇಟ್ಟವನು ಯಾರೆಂದು ವಿಚಾರಿಸುವುದರಲ್ಲಿ ಶಿಕ್ಷಕಿ ಕಾಲ ಕಳೆಯಲಿಲ್ಲ, ಅದು ಒಳ್ಳೆಯದೇ ಆಯಿತು. ಎಲ್ಲರಿಗಿಂತ ಚೆನ್ನಾಗಿ ಅಣಕಿಸುತ್ತಿದ್ದವನನ್ನು ಇಲ್ಲಿ ರಕ್ಷಿತ್ ಎನ್ನುತ್ತೇನೆ. ಅವನು ಚುರುಕಿನ ಹುಡುಗ; ಮೇಷ್ಟರುಗಳ ನಡಿಗೆ, ಬಸ್ ಕಂಡಕ್ಟರನ ಕೂಗು, ಊರಿನ ಮುಖಂಡರ ಭಾಷಣ ಎಲ್ಲವನ್ನೂ ಅನುಕರಿಸಿ ನಗಿಸುತ್ತಿದ್ದ. ಮಾದೇಶನ ಮಾತು ಅವನ ಪಾಲಿಗೆ ಅವುಗಳಲ್ಲಿ ಇನ್ನೊಂದು.

ಹಾಜರಿ ಹಾಕುವಾಗ ಹೆಸರು ಕರೆದೊಡನೆ "ಪ್ರೆಸೆಂಟ್ ಮಿಸ್" ಎನ್ನಬೇಕು. ಮಾದೇಶನಿಗೆ ಪಕಾರದಲ್ಲಿ ತುಟಿ ಬಿಗಿದುಕೊಳ್ಳುತ್ತಿತ್ತು. ಹಿಂದಿನ ಬೆಂಚಿನಿಂದ ಸಣ್ಣಗೆ "ಪ-ಪ-ಪ" ಎಂದು ಕೇಳುತ್ತಿತ್ತು, ತರಗತಿ ಕಿಸಕ್ಕೆನ್ನುತ್ತಿತ್ತು. ಜುಲೈ ಹೊತ್ತಿಗೆ ಹಾಜರಿಯ ಸಮಯಕ್ಕೆ ಸರಿಯಾಗಿ ಅವನು ಶೌಚಾಲಯಕ್ಕೆ ಹೋಗತೊಡಗಿದ. ಲೆಕ್ಕದ ಉತ್ತರ ಸ್ಲೇಟಿನಲ್ಲಿ ಸರಿಯಾಗಿದ್ದರೂ ಕೇಳಿದಾಗ ತಲೆ ಅಲ್ಲಾಡಿಸಿ ಗೊತ್ತಿಲ್ಲವೆನ್ನುತ್ತಿದ್ದ. ಇನ್ನೊಂದು ವಿಷಯದ ಶಿಕ್ಷಕರಿಗೆ ಇದೆಲ್ಲ ನಾಟಕವೆಂಬ ಅನುಮಾನವಿತ್ತು, ಅದಕ್ಕೆ ಅವರಿಗೆ ಕಾರಣವೂ ಇತ್ತು: ಬೆಳಗಿನ ನಾಡಗೀತೆಯಲ್ಲಿ, ಮಗ್ಗಿ ಹೇಳುವಾಗ, ಎಲ್ಲರೊಡನೆ ಪದ್ಯ ಓದುವಾಗ ಅವನು ಒಂದು ಅಕ್ಷರವೂ ತಡವರಿಸುತ್ತಿರಲಿಲ್ಲ. ಎಲ್ಲರ ಜೊತೆ ಬರುವ ಮಾತು ಒಬ್ಬನೇ ನಿಂತಾಗ ಏಕೆ ಬರುವುದಿಲ್ಲ ಎಂಬುದು ಅವರ ಪ್ರಶ್ನೆ. ಉಗ್ಗಿನ ಸ್ವಭಾವವೇ ಅದೆಂದು ಆಗ ಶಾಲೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಶಿಕ್ಷಕಿಯನ್ನು ಕದಲಿಸಿದ ಸುದ್ದಿ ಅಡುಗೆಮನೆಯಿಂದ ಬಂತು. ಬಿಸಿಯೂಟ ಬಡಿಸುವ ಅಡುಗೆ ಅಕ್ಕ ಒಂದು ದಿನ ಅವರ ಬಳಿ ಬಂದು, "ಈ ಮಗ ಎರಡ್ನೇ ಸಲಕ್ಕೆ ತಟ್ಟೆ ಹಿಡ್ಕೊಂಡ್ ಬತ್ತದೆ, ಏನ್ ಬೇಕು ಅಂತ ಕೇಳಲ್ಲ, ಹಿಂದ್ಗಡೆಯವ್ರು ಬೇಗ ಬೇಗ ಅಂದ್ರೆ ಹಂಗೇ ಹೊಂಟೋಯ್ತದೆ" ಎಂದರು. ಅವರು ಅದಕ್ಕೆ ತಾವೇ ಒಂದು ಉಪಾಯ ಮಾಡಿಕೊಂಡಿದ್ದರು: ಮಾದೇಶ ಬಂದಾಗ ಸೌಟನ್ನು ಪಾತ್ರೆಯಲ್ಲಿಟ್ಟು, ಸಾಲಿನ ಗಲಾಟೆಗೆ ಕಿವಿಗೊಡದೆ, ಅವನ ಬಾಯಿಂದ "ಸಾರು" ಎಂಬ ಮಾತು ಹೊರಡುವ ತನಕ ನಿಲ್ಲುವುದು. ಈ ವಿವರದ ಮಹತ್ವ ಆ ದಿನ ಯಾರಿಗೂ ಹೊಳೆಯಲಿಲ್ಲ. ಹುಡುಗ ಅರೆಹೊಟ್ಟೆಯಲ್ಲಿ ಏಳುತ್ತಿದ್ದಾನೆ ಎಂಬುದಷ್ಟೇ ಶಿಕ್ಷಕಿಯ ಮನಸ್ಸಿಗೆ ನಾಟಿತು.

ಮೊದಲು ಮಾಡಿದ್ದು

ಮೊದಲ ಕ್ರಮ ಎಲ್ಲ ಶಾಲೆಗಳಲ್ಲೂ ಆಗುವಂಥದು. ರಕ್ಷಿತ್‌ನನ್ನು ತರಗತಿಯ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸಲಾಯಿತು. ಆಮೇಲೆ ಪರರ ನೋವಿನ ಬಗ್ಗೆ ಒಂದು ನೀತಿಕಥೆ ಹೇಳಿ ಪ್ರಶ್ನೆ ಕೇಳಲಾಯಿತು. ಉತ್ತರಗಳು ನೂರಕ್ಕೆ ನೂರು ಸರಿಯಾಗಿದ್ದವು. "ಯಾರಿಗೂ ನೋವು ಕೊಡಬಾರದು ಮಿಸ್" ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳಿತು, ಹೇಳಿದವರಲ್ಲಿ ರಕ್ಷಿತ್‌ನ ದನಿಯೇ ಜೋರಾಗಿತ್ತು. ಅಂದು ಸಂಜೆ ನಾಲೆಯ ಏರಿಯ ಮೇಲೆ ಮನೆಗೆ ಹೋಗುವಾಗ ಅಣಕ ದುಪ್ಪಟ್ಟಾಯಿತೆಂದು ಬೇರೆ ಮಕ್ಕಳಿಂದ ತಿಳಿಯಿತು. ಎಲ್ಲರೆದುರು ತಲೆ ತಗ್ಗಿಸಿದ ಹುಡುಗನಿಗೆ ಆ ಗಳಿಗೆಯಲ್ಲಿ ಕಂಡದ್ದು ತನ್ನ ಅವಮಾನ ಮಾತ್ರ. ಮಾದೇಶನ ನೋವಿನತ್ತ ನೋಡಲು ಅವನ ಮನಸ್ಸಿನಲ್ಲಿ ಜಾಗವೇ ಇರಲಿಲ್ಲ. ಮಕ್ಕಳ ನೈತಿಕ ಬೆಳವಣಿಗೆಯನ್ನು ಬಹುಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಹಾಫ್‌ಮನ್ ಒತ್ತಿ ಹೇಳಿದ ಸಂಗತಿ ಇದಕ್ಕೆ ಹತ್ತಿರವಾದದ್ದು: ಶಿಕ್ಷೆಯ ಬಲ ತೋರಿಸಿದಾಗ ಮಗುವಿನ ಗಮನ ತನಗೇನಾಗುವುದೋ ಎಂಬುದರ ಮೇಲೆ ನಿಲ್ಲುತ್ತದೆ, ತನ್ನ ಕೃತ್ಯದಿಂದ ಇನ್ನೊಬ್ಬರಿಗೆ ಏನಾಯಿತೆಂದು ತಿಳಿಸಿ ಹೇಳಿದಾಗ ಗಮನ ಆ ಇನ್ನೊಬ್ಬರ ಕಡೆಗೆ ತಿರುಗುತ್ತದೆ. ಅಲ್ಲದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ದಂಡನೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಗುವನ್ನು ಎಲ್ಲರೆದುರು ನಾಚಿಸುವುದು ಅದರ ಗಡಿಗೆ ಎಷ್ಟು ಹತ್ತಿರ ಬರುತ್ತದೆಂದು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ.

ಎರಡನೆಯ ಕ್ರಮ ಹೆಚ್ಚು ಪ್ರೀತಿಯಿಂದ ಯೋಚಿಸಿದ್ದು, ಹಾಗಾಗಿ ಅದರ ಫಲವನ್ನು ಗುರುತಿಸಲು ಹೆಚ್ಚು ಕಾಲ ಹಿಡಿಯಿತು. ಗೋಡೆಗೆ ಒಂದು ದೊಡ್ಡ ಡ್ರಾಯಿಂಗ್ ಶೀಟ್ ಅಂಟಿಸಿ ಎಲ್ಲ ಮಕ್ಕಳ ಹೆಸರು ಬರೆದು, ಇನ್ನೊಬ್ಬರಿಗೆ ಸಹಾಯ ಮಾಡಿದವರ ಹೆಸರಿನ ಮುಂದೆ ಬಂಗಾರದ ಬಣ್ಣದ ನಕ್ಷತ್ರದ ಸ್ಟಿಕ್ಕರ್ ಹಚ್ಚುವುದು. ಶನಿವಾರದ ಬೆಳಗಿನ ತರಗತಿ ಮುಗಿಯುವಾಗ ಹೆಚ್ಚು ನಕ್ಷತ್ರದವರಿಗೆ ಚಪ್ಪಾಳೆ ಮತ್ತು ಒಂದು ಪೆನ್ಸಿಲು. ಮೊದಲ ವಾರ ತರಗತಿಯ ಚಹರೆಯೇ ಬದಲಾಯಿತು. ಮಕ್ಕಳು ಒಬ್ಬರ ಚೀಲ ಒಬ್ಬರು ಹೊತ್ತರು, ಬಿದ್ದ ರಬ್ಬರು ಎತ್ತಿಕೊಟ್ಟರು. ಸಹಾಯ ಮಾಡಲು ಎಲ್ಲರಿಗಿಂತ ಸುಲಭವಾಗಿ ಸಿಗುವವನು ಮಾದೇಶನೆಂದು ಅವರಿಗೆ ಬೇಗ ಗೊತ್ತಾಯಿತು. ಅವನ ಹೆಸರು ಕರೆದರೆ ಮೂವರು "ಪ್ರೆಸೆಂಟ್ ಮಿಸ್" ಎನ್ನುತ್ತಿದ್ದರು. ಅವನು ಬಾಯಿ ತೆರೆದರೆ ಮಿಕ್ಕ ಮಾತನ್ನು ಬೇರೆಯವರು ಮುಗಿಸುತ್ತಿದ್ದರು. ಸಿಂಚನ ಎಂದು ನಾನು ಕರೆಯುವ ಹುಡುಗಿ ಅವನ ಪಕ್ಕದ ಬೆಂಚಿಗೆ ಜಾಗ ಬದಲಿಸಿಕೊಂಡು, ಅವನಿಗೆ ಕೇಳಿದ ಪ್ರಶ್ನೆಗಳಿಗೆ ತಾನೇ ಉತ್ತರ ಹೇಳಿ, ಪಟ್ಟಿಯಲ್ಲಿ ಎಲ್ಲರಿಗಿಂತ ಮುಂದೆ ಹೋದಳು. ಅಣಕ ನಿಂತಿತ್ತು, ಹಾಜರಿ ಸಲೀಸಾಗಿ ಮುಗಿಯುತ್ತಿತ್ತು. ಹೊರಗಿನಿಂದ ಬಂದವರಿಗೆ ಇದು ಮಾದರಿ ತರಗತಿಯೆಂದೇ ಕಾಣುತ್ತಿತ್ತು.

ಆ ದಿನಗಳಲ್ಲಿ ಮಾದೇಶ ಶಾಲೆಯಲ್ಲಿ ಮಾತಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟ. ಅವನ ಹೆಸರಿನ ಮುಂದೆ ಒಂದೂ ನಕ್ಷತ್ರವಿರಲಿಲ್ಲ, ಅದನ್ನೂ ಯಾರೂ ಗಮನಿಸಿರಲಿಲ್ಲ. ಪಡೆಯುವವನ ಪಾತ್ರವನ್ನು ಒಮ್ಮೆ ಹಂಚಿದ ಮೇಲೆ ಆ ಮಗುವಿಗೂ ಕೊಡಲು ಏನಾದರೂ ಇದ್ದೀತೆಂದು ತರಗತಿಗೆ ಹೊಳೆಯುವುದಿಲ್ಲ.

ಬಹುಮಾನದ ಬಗ್ಗೆ ಒಂದು ಮಾತು ಸೇರಿಸಬೇಕು. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕಲ್ ಟೊಮಸೆಲ್ಲೊ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಹಾಯ ಮಾಡಿದ್ದಕ್ಕೆ ವಸ್ತುವಿನ ಬಹುಮಾನ ಪಡೆದ 20 ತಿಂಗಳ ಕೂಸುಗಳು ಆಮೇಲೆ ಸಹಾಯ ಮಾಡಿದ್ದು ಕಡಿಮೆ. ಬರಿಯ ಹೊಗಳಿಕೆ ಪಡೆದವರೂ ಏನನ್ನೂ ಪಡೆಯದವರೂ ಮೊದಲಿನಂತೆಯೇ ಸಹಾಯ ಮಾಡುತ್ತಿದ್ದರು. ಹತ್ತು ವರ್ಷದ ಮಕ್ಕಳಿಗೆ ಇದನ್ನು ನೇರವಾಗಿ ಹೊಂದಿಸಲಾಗದು. ಆದರೂ ನಮ್ಮ ಶಾಲೆಗಳ ಗೋಡೆಗಳ ಮೇಲೆ ಇಂಥ ಪಟ್ಟಿಗಳು ಎಷ್ಟು ಧಾರಾಳವಾಗಿವೆ ಎಂಬುದನ್ನು ನೆನೆದರೆ, ಒಂದು ಗಳಿಗೆ ನಿಂತು ಯೋಚಿಸುವಷ್ಟು ಕಾರಣ ಅದರಲ್ಲಿದೆ.

ಚೀಟಿಗಳು

ಪ್ರಕರಣ ತಿರುಗಿದ್ದು ಆಗಸ್ಟ್ ಕೊನೆಯಲ್ಲಿ. ಮಾದೇಶನ ಮೌನ ಶಿಕ್ಷಕಿಯನ್ನು ಕಾಡುತ್ತಿತ್ತು. ಅವನನ್ನೊಬ್ಬನನ್ನೇ ಕೂರಿಸಿಕೊಂಡು ಕೇಳಿದರೆ ಅವನು ಬಾಯಿ ಬಿಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ತರಗತಿಯಲ್ಲಿ ಅವನ ವಿಷಯ ತೆಗೆದರೆ ಮತ್ತೆ ಎಲ್ಲ ಕಣ್ಣುಗಳೂ ಅವನ ಮೇಲೆಯೇ. ಕೊನೆಗೆ ಅವರು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು ಒಂದೇ ಪ್ರಶ್ನೆ ಬರೆಸಿದರು: "ಯಾರೋ ನಿನಗೆ ಸಹಾಯ ಮಾಡಿದರು, ಆದರೆ ನಿನಗೆ ಅದು ಇಷ್ಟವಾಗಲಿಲ್ಲ. ಅಂಥದ್ದು ಯಾವಾಗಲಾದರೂ ಆಗಿದೆಯೆ?" ಹೆಸರು ಬರೆಯಬೇಕಾಗಿಲ್ಲ.

ಅಂದು ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಆ ಚೀಟಿಗಳನ್ನು ಓದಿದೆವು. ಒಂದು ಮಗು, ಅತ್ತೆ ತನ್ನ ಮಗಳ ಹಳೆಯ ಬಟ್ಟೆಯನ್ನು ಮದುವೆ ಮನೆಯಲ್ಲಿ ಎಲ್ಲರೆದುರು ಕೊಟ್ಟದ್ದನ್ನು ಬರೆದಿತ್ತು. ತಂದೆಯನ್ನು ಕಳೆದುಕೊಂಡ ಇನ್ನೊಂದು ಮಗು, "ಎಲ್ರೂ ತಲೆ ಸವರ್ತಾರೆ, ನಾನು ಆಟ ಆಡ್ತಿದ್ರೂ ಕರ್ದು ಸವರ್ತಾರೆ" ಎಂದಿತ್ತು. ಮನೆಯಲ್ಲಿ ಉರ್ದು ಆಡುವ ಹುಡುಗಿ, ತಾನು ಕನ್ನಡ ಓದುವಾಗ ತಪ್ಪಾಗುವ ಮೊದಲೇ ಪಕ್ಕದವಳು ತಿದ್ದುತ್ತಾಳೆಂದು ಬರೆದಿದ್ದಳು. ಹೆಸರಿಲ್ಲದಿದ್ದರೂ ಮಾದೇಶನ ಚೀಟಿ ಯಾವುದೆಂದು ತಿಳಿಯುವುದು ಕಷ್ಟವಿರಲಿಲ್ಲ. ಅದರಲ್ಲಿ ಎರಡೇ ಸಾಲು: "ರಕ್ಷಿತ ಅಣಕಿಸಿದ್ರೆ ಬೈಬೋದು. ಸಿಂಚನ ಹೇಳ್ಕೊಟ್ರೆ ಬೈಯಂಗಿಲ್ಲ."

ಇಷ್ಟು ದಿನ ನಾವು ಒಂದನ್ನು ರೋಗವೆಂದೂ ಇನ್ನೊಂದನ್ನು ಮದ್ದೆಂದೂ ತಿಳಿದಿದ್ದೆವು. ಆ ಹುಡುಗನ ಪಾಲಿಗೆ ಎರಡೂ ಅವನ ಮಾತನ್ನು ಅವನಿಂದ ಕಿತ್ತುಕೊಳ್ಳುವ ಕೆಲಸವೇ ಆಗಿದ್ದವು. ಅಣಕಕ್ಕೆ ಎದುರಾಡಲು ಅವನಿಗೆ ಹಕ್ಕಿತ್ತು, ದಯೆಗೆ ಎದುರಾಡುವ ಹಕ್ಕು ಇರಲಿಲ್ಲ. ಮರುದಿನ ನಕ್ಷತ್ರದ ಪಟ್ಟಿ ಗೋಡೆಯಿಂದ ಇಳಿಯಿತು. ಮಕ್ಕಳು ಏಕೆಂದು ಕೇಳಿದಾಗ ಶಿಕ್ಷಕಿ ನೆಪ ಹೇಳಲಿಲ್ಲ. ಸಹಾಯ ಪಡೆದವರಿಗೆ ಅದು ಬೇಕಿತ್ತೋ ಇಲ್ಲವೋ ಎಂದು ಪಟ್ಟಿಯಲ್ಲಿ ಬರೆಯಲು ಜಾಗವಿರಲಿಲ್ಲ, ಅದಕ್ಕೆ ತೆಗೆದೆ ಎಂದರು.

ಸಿಂಚನಳೊಡನೆ ಅವರು ಆಡಿದ ಮಾತು ಈ ಪ್ರಕರಣದಲ್ಲಿ ಅತಿ ಸೂಕ್ಷ್ಮವಾದದ್ದೆಂದು ನನ್ನ ಎಣಿಕೆ. ಒಳ್ಳೆಯದು ಮಾಡುತ್ತಿದ್ದೇನೆಂದು ನಂಬಿದ ಮಗುವಿಗೆ ನಿನ್ನ ಒಳ್ಳೆಯತನದಿಂದ ಇನ್ನೊಬ್ಬನಿಗೆ ನೋವಾಯಿತೆಂದು ಹೇಳಿದರೆ ಅದು ಮುದುಡಿಹೋದೀತು. ಶಿಕ್ಷಕಿ ಆಪಾದನೆ ಹೊರಿಸದೆ, ಮಾದೇಶ ಮಾತಿಗೆ ತಡಕಾಡುವಾಗ ನಿನಗೆ ಹೇಗಾಗುತ್ತದೆ ಎಂದು ಮಾತ್ರ ಕೇಳಿದರು. ಅವಳು ಬಹಳ ಹೊತ್ತು ಯೋಚಿಸಿ, "ನೋಡಕ್ಕಾಗಲ್ಲ ಮಿಸ್, ಎದೆ ಒಂಥರಾ ಆಯ್ತದೆ, ಬೇಗ ಮುಗುದ್ರೆ ಸಾಕು ಅನ್ನುಸ್ತದೆ" ಎಂದಳು. ನ್ಯಾನ್ಸಿ ಐಸೆನ್‌ಬರ್ಗ್ ಮೊದಲಾದ ಮನಶ್ಶಾಸ್ತ್ರಜ್ಞರು ಮಕ್ಕಳಲ್ಲಿ ಎರಡು ಪ್ರತಿಕ್ರಿಯೆಗಳನ್ನು ಬೇರೆ ಮಾಡಿ ನೋಡುತ್ತಾರೆ: ಇನ್ನೊಬ್ಬರ ಕಷ್ಟ ಕಂಡು ಅವರಿಗಾಗಿ ಮರುಗುವುದು ಒಂದು, ಆ ಕಷ್ಟದ ನೋಟದಿಂದ ತನಗೇ ಆಗುವ ಸಂಕಟ ಇನ್ನೊಂದು. ಎರಡನೆಯದರಲ್ಲಿ ಸಿಕ್ಕಿಕೊಂಡ ಮಗು ತನ್ನ ಸಂಕಟ ನೀಗಿಕೊಳ್ಳುವ ದಾರಿ ಹುಡುಕುತ್ತದೆ. ಕೆಲವರು ಮುಖ ತಿರುಗಿಸುತ್ತಾರೆ, ಕೆಲವರು ನಗುತ್ತಾರೆ, ಸಿಂಚನಳಂಥವರು ಮಾತು ಮುಗಿಸಿಕೊಟ್ಟುಬಿಡುತ್ತಾರೆ. ಅವಳಲ್ಲಿ ಕನಿಕರಕ್ಕೆ ಕೊರತೆಯಿರಲಿಲ್ಲ. ಆ "ಒಂಥರಾ" ಆಗುವುದನ್ನು ತಾಳಿಕೊಂಡು ಸುಮ್ಮನೆ ಎದುರಿಗಿರುವ ಅಭ್ಯಾಸ ಅವಳಿಗೆ ಬೇಕಿತ್ತು, ಅದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ನಮ್ಮಲ್ಲಿ ದೊಡ್ಡವರಿಗೂ ಕಲಿಸಿಲ್ಲವೆಂಬುದು ಬೇರೆ ಮಾತು.

ಮೈಸೂರಿನ ಸಲಹೆ

ಇದೇ ಹೊತ್ತಿಗೆ ಶಿಕ್ಷಕಿಯ ಒತ್ತಾಯಕ್ಕೆ ಮಣಿದು ತಾಯಿ ಒಂದು ದಿನದ ಸಂಬಳ ಬಿಟ್ಟು ಮಾದೇಶನನ್ನು ಮೈಸೂರಿಗೆ ಕರೆದುಕೊಂಡು ಹೋದರು. 1965ರಲ್ಲಿ ಆರಂಭವಾದ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಂಡ್ಯದವರಿಗೆ ಒಂದು ಬಸ್ಸಿನ ದೂರ. ಆದರೂ ಊರಿನಲ್ಲಿ ಅದರ ಹೆಸರು ಕಿವಿ ಕೇಳದವರ ಸಂಬಂಧದಲ್ಲಿ ಮಾತ್ರ ಚಾಲ್ತಿಯಲ್ಲಿತ್ತು. ಅಲ್ಲಿಂದ ಬಂದ ತಿಳಿವಳಿಕೆ ಮೊದಲು ಕೆಲಸ ಮಾಡಿದ್ದು ಮನೆಯಲ್ಲಿ ಮತ್ತು ಶಿಕ್ಷಕರ ಕೊಠಡಿಯಲ್ಲಿ. ಉಗ್ಗು ಹೆದರಿಕೆಯಿಂದ ಹುಟ್ಟುವುದಲ್ಲ. ವಂಶದ ಗುಣ ಮತ್ತು ಮಾತನ್ನು ನಡೆಸುವ ಮೆದುಳಿನ ವ್ಯವಸ್ಥೆಗೆ ಸಂಬಂಧಿಸಿದ್ದು, ಹೆದರಿಕೆ ಅದನ್ನು ಹೆಚ್ಚಿಸಬಹುದು ಅಷ್ಟೆ. ಇತರರೊಡನೆ ಒಟ್ಟಾಗಿ ಹೇಳುವಾಗ, ಹಾಡುವಾಗ ಉಗ್ಗು ಬಹುಮಟ್ಟಿಗೆ ಮಾಯವಾಗುವುದು ಎಲ್ಲೆಡೆ ಕಂಡುಬಂದಿರುವ ಲಕ್ಷಣ. ನಾಟಕವೆಂದು ಶಂಕಿಸಿದ್ದ ಶಿಕ್ಷಕರು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತಮ್ಮ ಚಿಕ್ಕಪ್ಪನೊಬ್ಬರು ಭಜನೆಯಲ್ಲಿ ಮಾತ್ರ ಸರಾಗವಾಗಿ ಹಾಡುತ್ತಿದ್ದುದನ್ನು ನೆನೆಸಿಕೊಂಡರು.

ಕೇಳುವವರಿಗೆ ಹೇಳಿದ್ದು ಸರಳವಾಗಿತ್ತು: ಮಾತು ಮುಗಿಸಿಕೊಡಬೇಡಿ, "ನಿಧಾನವಾಗಿ ಹೇಳು", "ಉಸಿರು ಎಳ್ಕೊ" ಎಂದು ಹೇಳಬೇಡಿ, ಮುಖ ನೋಡುತ್ತ ಕೇಳಿ, ಹೇಗೆ ಹೇಳಿದ ಎಂಬುದಕ್ಕಲ್ಲ, ಏನು ಹೇಳಿದ ಎಂಬುದಕ್ಕೆ ಉತ್ತರ ಕೊಡಿ. ಇದನ್ನು ಕೇಳಿದಾಗ ಶಿಕ್ಷಕಿಗೆ ಅಡುಗೆ ಅಕ್ಕನ ಸೌಟು ನೆನಪಾಯಿತು. ತಜ್ಞರು ಹೇಳಿದ್ದೆಲ್ಲವನ್ನೂ ಆಕೆ ಯಾರ ಉಪದೇಶವೂ ಇಲ್ಲದೆ ಎರಡು ತಿಂಗಳಿಂದ ಮಾಡುತ್ತಲೇ ಬಂದಿದ್ದರು, ಅದೂ ಹಸಿದ ಮಕ್ಕಳ ಉದ್ದದ ಸಾಲೊಂದು ಎದುರಿಗೆ ಕೂಗಾಡುತ್ತಿದ್ದಾಗ.

ಇಲ್ಲಿ ಎರಡು ತೀರ್ಮಾನಗಳನ್ನು ಗಮನಿಸಬೇಕು. ಅಕ್ಟೋಬರ್ 22ನ್ನು ಉಗ್ಗು ಜಾಗೃತಿಯ ಅಂತರರಾಷ್ಟ್ರೀಯ ದಿನವಾಗಿ ಆಚರಿಸುತ್ತಾರೆ. ಶಾಲೆಯಲ್ಲೂ ಮಾಡೋಣವೆಂದು ಒಬ್ಬರು ಸೂಚಿಸಿದರು. ಇಡೀ ಶಾಲೆಯಲ್ಲಿ ಉಗ್ಗುವ ಮಗು ಒಂದೇ ಇರುವಾಗ ಆ ದಿನಾಚರಣೆ ಆ ಮಗುವಿನ ಪ್ರದರ್ಶನವಾಗುತ್ತದೆಂದು ಶಿಕ್ಷಕಿ ಒಪ್ಪಲಿಲ್ಲ. ಹಾಜರಿಯನ್ನು ಬದಲಿಸುವಾಗಲೂ ಅದೇ ವಿವೇಕ ಕೆಲಸ ಮಾಡಿತು. ಮಾದೇಶನಿಗೊಬ್ಬನಿಗೆ ವಿನಾಯಿತಿ ಕೊಡುವ ಬದಲು, ಹೆಸರು ಕರೆದಾಗ ಯಾರು ಹೇಗೆ ಬೇಕಾದರೂ ಉತ್ತರಿಸಬಹುದೆಂದು ಎಲ್ಲರಿಗೂ ಹೇಳಿದರು. ಕೆಲವರು ಕೈ ಎತ್ತಿದರು, ಕೆಲವರು ನಮಸ್ಕಾರ ಮಾಡಿದರು, ಒಬ್ಬ ಬೆಂಚು ಬಡಿದ. ಮಾದೇಶ ಒಂದಷ್ಟು ದಿನ ಕೈ ಎತ್ತಿ, ಆಮೇಲೆ "ಬಂದಿವ್ನಿ" ಎನ್ನತೊಡಗಿದ. ಬಕಾರವೂ ಅವನಿಗೆ ಸುಲಭದ್ದಲ್ಲ. ಅದನ್ನೇ ಏಕೆ ಆರಿಸಿಕೊಂಡನೋ, ಯಾರೂ ಕೇಳಲಿಲ್ಲ.

ಕಲ್ಲು ಮತ್ತು ಕೈತೋಟ

ಕಾಯುವ ಅಭ್ಯಾಸಕ್ಕಾಗಿ ಒಂದು ಆಟ ರೂಪುಗೊಂಡಿತು. ನಾಲೆಯ ಬದಿಯಿಂದ ತಂದ ನುಣುಪಾದ ಕಲ್ಲೊಂದನ್ನು ಕೈಯಲ್ಲಿ ಹಿಡಿದವರು ನಿನ್ನೆ ಕಂಡದ್ದೇನಾದರೂ ಹೇಳಬೇಕು. ಅವರಾಗಿ ಕಲ್ಲನ್ನು ಕೆಳಗಿಡುವ ತನಕ ಬೇರೆ ಯಾರೂ ಬಾಯಿ ತೆರೆಯುವಂತಿಲ್ಲ. ಇಟ್ಟ ಮೇಲೆ ಕೇಳಿದವರಲ್ಲೊಬ್ಬರು ಅವರು ಹೇಳಿದ ವಿಷಯದ ಬಗ್ಗೆ ಒಂದು ಪ್ರಶ್ನೆ ಕೇಳಬೇಕು. ಮೊದಲ ದಿನಗಳಲ್ಲಿ ಮೌನ ಬಂದಾಗಲೆಲ್ಲ ಮಕ್ಕಳು ಒದ್ದಾಡಿದರು, ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಿಧಾನಕ್ಕೆ ಬೇರೆ ಸಂಗತಿಗಳು ಹೊರಬಂದವು. ಮಾತಿಗೆ ತಡಮಾಡುವವನು ಮಾದೇಶನೊಬ್ಬನೇ ಅಲ್ಲ. ಆ ಉರ್ದು ಮನೆಮಾತಿನ ಹುಡುಗಿಗೆ, ನಾಚಿಕೆಯ ಇಬ್ಬರಿಗೆ, ಯೋಚಿಸಿ ಮಾತಾಡುವ ಒಬ್ಬನಿಗೆ ಸಾಮಾನ್ಯ ಪಾಠದಲ್ಲಿ ಎಂದೂ ಸರದಿಯೇ ಸಿಕ್ಕಿರಲಿಲ್ಲ. ಮಾದೇಶ ತನ್ನ ಸರದಿಯನ್ನು ಆರಂಭದಲ್ಲೇ ತೆಗೆದುಕೊಳ್ಳುತ್ತಿದ್ದ. ತನ್ನ ಪಾಳಿ ಹತ್ತಿರವಾಗುತ್ತ ಬರುವುದನ್ನು ಎಣಿಸುತ್ತ ಕೂರುವುದು ಅವನಿಗೆ ಮಾತಿಗಿಂತ ಕಷ್ಟವಾಗಿತ್ತು.

ರಕ್ಷಿತ್‌ನ ವಿಷಯ ಬೇರೆ. ಶಿಕ್ಷಕಿ ಅವನೊಬ್ಬನನ್ನೇ ಕರೆದು, ಬೈಯದೆ, ಜುಲೈಯಲ್ಲಿ ಹಾಜರಿಯ ಹೊತ್ತಿಗೆ ಮಾದೇಶ ಎಲ್ಲಿಗೆ ಹೋಗುತ್ತಿದ್ದ, ಊಟದ ಸಾಲಿನಿಂದ ಏಕೆ ಮರಳುತ್ತಿದ್ದ ಎಂಬುದನ್ನು ಹೇಳಿದರು. ಅವನ ಉತ್ತರ ಅನಿರೀಕ್ಷಿತವಾಗಿತ್ತು: "ಅವ್ನೂ ನಗ್ತಿದ್ದ ಕಣಿ ಮಿಸ್." ನಿಜ, ಮಾದೇಶ ಎಲ್ಲರೊಡನೆ ನಗುತ್ತಿದ್ದ. ಅಣಕಕ್ಕೆ ಗುರಿಯಾದ ಮಗು ನಕ್ಕರೆ ಅದನ್ನು ಒಪ್ಪಿಗೆಯೆಂದು ಓದುವುದು ಹತ್ತು ವರ್ಷದವನಿಗೆ ಸಹಜ. ಆ ನಗುವಿನ ಹಿಂದೆ ಬೇರೇನಾದರೂ ಇರಬಹುದೆಂಬುದು ಅವನಿಗೆ ನಿಜವಾಗಿಯೂ ಹೊಸ ವಿಷಯವಾಗಿತ್ತು.

ಅವನನ್ನೇ ಮಾದೇಶನ ಕಾವಲಿಗೆ ಹಾಕಿದರೆ ಹೇಗೆಂಬ ಯೋಚನೆ ಬಂದಿತ್ತು. ಕೀಟಲೆ ಮಾಡಿದವನಿಗೆ ರಕ್ಷಕನ ಹೊಣೆ ಕೊಡುವುದು ನಮ್ಮ ಶಾಲೆಗಳಲ್ಲಿ ಹಳೆಯ ಉಪಾಯ. ಚೀಟಿಗಳನ್ನು ಓದಿದ ಮೇಲೆ ಅದು ಸರಿಬರಲಿಲ್ಲ. ಮಾದೇಶ ಮತ್ತೆ ಇನ್ನೊಬ್ಬರ ಹಂಗಿಗೆ ಬೀಳುತ್ತಿದ್ದ. ಬದಲಾಗಿ ಇಬ್ಬರನ್ನೂ ಶಾಲೆಯ ಕೈತೋಟದ ಗುಂಪಿಗೆ ಹಾಕಲಾಯಿತು. ಅಲ್ಲಿ ಬಲ್ಲವನು ಮಾದೇಶ. ತಾತನ ಗದ್ದೆಯಲ್ಲಿ ಓಡಾಡಿದ ಹುಡುಗ. ನೀರು ಯಾವ ಕಡೆ ಹರಿಯುತ್ತದೆಂದು ನೆಲ ನೋಡಿಯೇ ಹೇಳುತ್ತಿದ್ದ, ಬದು ಎಲ್ಲಿ ಒಡೆಯಬೇಕು, ಮೆಣಸಿನ ಸಸಿಗೆ ಎಷ್ಟು ನೀರು ಬೇಕು ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಅಂಗಡಿ ಮನೆಯ ರಕ್ಷಿತ್‌ಗೆ ಗುದ್ದಲಿ ಹಿಡಿಯಲೂ ಬರುತ್ತಿರಲಿಲ್ಲ. ಏನನ್ನಾದರೂ ತಿಳಿಯಬೇಕಾದರೆ ಅವನು ಮಾದೇಶನನ್ನು ಕೇಳಬೇಕು, ಕೇಳಿದ ಮೇಲೆ ಉತ್ತರ ಬರುವ ತನಕ ಗುದ್ದಲಿ ಹಿಡಿದು ನಿಂತಿರಬೇಕು. ಭಿನ್ನ ಗುಂಪುಗಳ ನಡುವಿನ ಪೂರ್ವಗ್ರಹ ಕುಗ್ಗಲು ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ ಮತ್ತು ಹಿರಿಯರ ಬೆಂಬಲ ಇರಬೇಕೆಂದು ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಬರೆದದ್ದು ಬಹಳ ದೊಡ್ಡ ಸಾಮಾಜಿಕ ಸಂದರ್ಭಕ್ಕೆ. ಹತ್ತಡಿ ಅಗಲದ ಮೆಣಸಿನ ಪಾತಿಗೂ ಅದು ಹೊಂದುತ್ತದೆ. ಇದಲ್ಲದೆ ರಕ್ಷಿತ್‌ನ ಅನುಕರಣೆಯ ಚಾತುರ್ಯವನ್ನು ಯಾರೂ ಅದುಮಲಿಲ್ಲ. ಮಾಡಿ ತೋರಿಸುವ ಮೊದಲು ಆ ವ್ಯಕ್ತಿ ಎದುರಿಗೆ ಕುಳಿತಿದ್ದರೆ ಮಾಡುತ್ತಿದ್ದೆಯಾ ಎಂದು ತನ್ನನ್ನೇ ಕೇಳಿಕೋ ಎಂದಷ್ಟೇ ಶಿಕ್ಷಕಿ ಹೇಳಿದ್ದರು. ಮುಖಂಡರ ಭಾಷಣ ಮುಂದುವರಿಯಿತು.

ಫಲ

ಮಾದೇಶ ಈಗಲೂ ಉಗ್ಗುತ್ತಾನೆ. ಮೈಸೂರಿನ ತರಬೇತಿಗೆ ನಿಯಮಿತವಾಗಿ ಹೋಗಲು ಆಗಲಿಲ್ಲ, ಪ್ರತಿ ಸಲವೂ ತಾಯಿಯ ಒಂದು ದಿನದ ಸಂಬಳ ಹೋಗುತ್ತಿತ್ತು. ಹೇಳಿಕೊಟ್ಟ ಅಭ್ಯಾಸಗಳಲ್ಲಿ ಕೆಲವನ್ನು ಅಜ್ಜಿ ಮನೆಯಲ್ಲಿ ಮಾಡಿಸುತ್ತಾರೆ, ಬಜೆಯನ್ನೂ ಬಿಟ್ಟಿಲ್ಲ. ಅವನ ಮಾತು ಸರಿಹೋಯಿತೆ ಎಂದು ಈ ಪ್ರಕರಣವನ್ನು ಅಳೆಯಲು ಹೊರಟರೆ ಉತ್ತರ ಇಲ್ಲವೆಂದೇ. ಬದಲಾದದ್ದು ಅವನ ಸುತ್ತಲಿನ ಮಕ್ಕಳು, ಅದೂ ಏರುಪೇರಾಗಿ. ಡಿಸೆಂಬರಿನಲ್ಲಿ ಕಬಡ್ಡಿಯ ಜಗಳದಲ್ಲಿ ರಕ್ಷಿತ್‌ನ ಬಾಯಿಂದ ಹಳೆಯ ಹೆಸರು ಹೊರಬಿತ್ತು. ಮಾದೇಶ ತಿರುಗಿ ಬೈದ, ತಡವರಿಸುತ್ತಲೇ ಬೈದ, ಬೈಗುಳ ಪೂರ್ತಿಯಾಗುವ ತನಕ ರಕ್ಷಿತ್ ಅಲ್ಲೇ ನಿಂತಿದ್ದ. ಅದನ್ನು ಸೋಲೆನ್ನಬೇಕೋ ಗೆಲುವೆನ್ನಬೇಕೋ ಎಂದು ಶಿಕ್ಷಕರ ಕೊಠಡಿಯಲ್ಲಿ ವಾದವಾಯಿತು. ನನಗೆ ಅದು ಗೆಲುವಾಗಿಯೇ ಕಂಡಿತು. ಸಿಂಚನ ಬದಲಾಗಲು ಹೆಚ್ಚು ಕಾಲ ತೆಗೆದುಕೊಂಡಳು. ಮಾತು ಮುಗಿಸಿಕೊಡುವುದನ್ನು ನಿಲ್ಲಿಸಿದ ಮೇಲೆ ತನ್ನ ಕೆಲಸವೇನೆಂದು ಅವಳಿಗೆ ತಿಳಿಯಲಿಲ್ಲ, ಕೆಲವು ವಾರ ಅವನಿಂದ ದೂರವೇ ಉಳಿದಳು. ಜನವರಿಯಲ್ಲಿ ಅವಳಿಗೆ ಭಿನ್ನರಾಶಿ ಅರ್ಥವಾಗದಿದ್ದಾಗ ಮಾದೇಶ ಹೇಳಿಕೊಟ್ಟ. ಅದಾದ ಮೇಲೆ ಅವರಿಬ್ಬರ ನಡುವೆ ಯಾರೂ ಮಧ್ಯೆ ಬರಬೇಕಾಗಲಿಲ್ಲ.

ಇದನ್ನು ಬೇರೆ ಶಾಲೆ ಅನುಸರಿಸಲು ಹೊರಟರೆ ಕಲ್ಲಿನ ಆಟವನ್ನು ಎತ್ತಿಕೊಳ್ಳುವುದು ಸುಲಭ. ಆ ಪ್ರಶ್ನೆಯ ಚೀಟಿಯಿಲ್ಲದೆ ಅದು ಇನ್ನೊಂದು ಚಟುವಟಿಕೆ ಮಾತ್ರ ಆದೀತು. ದಯೆಯನ್ನು ಪಡೆಯುವವರ ಕಡೆಯಿಂದ ಅದು ಹೇಗೆ ಕಾಣುತ್ತದೆಂದು ಮಕ್ಕಳು ತಮ್ಮದೇ ಅನುಭವದಿಂದ ಬರೆದ ಮೇಲೆಯೇ ಕಾಯುವುದಕ್ಕೆ ಅರ್ಥ ಬಂದದ್ದು. ಮತ್ತೆ, ದೊಡ್ಡವರು ಒಂದು ಮಗುವಿಗೆ ಹೇಗೆ ಕಿವಿಗೊಡುತ್ತಾರೆಂಬುದನ್ನು ಮಕ್ಕಳು ದಿನವೂ ನೋಡುತ್ತಿರುತ್ತಾರೆ. ಬಡಿಸುವ ಸಾಲಿನಲ್ಲಿ ಹಿಂದೆ ನಿಂತವರು ಬೇಗ ಬೇಗ ಎಂದು ಕೂಗುವುದು ಸೆಪ್ಟೆಂಬರ್ ಹೊತ್ತಿಗೆ ನಿಂತಿತ್ತು, ಅದಕ್ಕೆ ತರಗತಿಯಲ್ಲಿ ಯಾರೂ ಪಾಠ ಮಾಡಿರಲಿಲ್ಲ.

ವರ್ಷದ ಕೊನೆಗೆ ಆರನೆಯ ತರಗತಿಯ ಶಿಕ್ಷಕರಿಗೆ ಒಂದು ಪುಟದ ಟಿಪ್ಪಣಿ ಬರೆಯಬೇಕಾಗಿತ್ತು. ಅದರ ಕರಡನ್ನು ಮಾದೇಶನಿಗೆ ತೋರಿಸಲಾಯಿತು. ಗಟ್ಟಿಯಾಗಿ ಓದಲು ಅವನನ್ನು ಒತ್ತಾಯಿಸಬಾರದೆಂಬ ಸಾಲನ್ನು ಅವನು ಹೊಡೆಸಿಹಾಕಿ, ತನ್ನ ಸರದಿಯನ್ನು ಬಿಡಬಾರದು, ಮೊದಲಿಗೇ ಕೊಡಬೇಕು ಎಂದು ಸೇರಿಸಿದ. ಏಳನೆಯ ತರಗತಿಯ ಕೆಲವು ಹುಡುಗರು ನಾಲೆ ಏರಿಯ ಮೇಲೆ ಇನ್ನೂ ಅವನನ್ನು ಟಿಲ್ಲರ್ ಎಂದೇ ಕೂಗುತ್ತಾರೆ. ಅವರು ಈ ತರಗತಿಯ ಕೆಲಸದಿಂದ ಹೊರಗುಳಿದವರು, ಬೇಸಿಗೆ ರಜೆ ಮುಗಿದರೆ ಪ್ರೌಢಶಾಲೆಗೆ ಹೋಗುವವರು. ಮಾದೇಶನೂ ಇನ್ನೆರಡು ವರ್ಷಕ್ಕೆ ಅಲ್ಲಿಗೇ ಹೋಗಬೇಕು. ಹಾಗಾಗಿ ಜೂನ್ ತಿಂಗಳ ಸಭೆಗೆ ಆ ಪ್ರೌಢಶಾಲೆಯ ಇಬ್ಬರು ಶಿಕ್ಷಕರನ್ನೂ ಅಡುಗೆ ಅಕ್ಕನನ್ನೂ ಕರೆಯುವುದೆಂದು ತೀರ್ಮಾನವಾಗಿದೆ.